ಅಚ್ಚು ಬದಲಿಸಿದ ಜೀಪು

ನನ್ನ ತವರುಮನೆ ಸವದತ್ತಿಯಿಂದ ಏಳೆಂಟು ಕಿಲೋಮೀಟರ್ ಒಳಗಿರುವ ಒಂದು ಹಳ್ಳಿ. ಸುತ್ತ ಎರೆಭೂಮಿ. ಮಳೆಗಾಲದಲ್ಲಿ ಹೊಲದ ದಾರಿ ಹಿಡಿದರೆ ಕಾಲು ಮುಂದೆ ಬರುತ್ತದೆ, ಚಪ್ಪಲಿ ಹಿಂದೆ ಉಳಿಯುತ್ತದೆ. ಅಪ್ಪ 1992ರಲ್ಲಿ ಹತ್ತಿ ಮಾರಿದ ರೊಕ್ಕಕ್ಕೆ ಇನ್ನಷ್ಟು ಕೈಸಾಲ ಕೂಡಿಸಿ ಒಂದು ಹಳೆಯ ಎಂಎಂ 540 ಜೀಪು ತಂದದ್ದು ಷೋಕಿಗಾಗಿ ಅಲ್ಲ, ಆ ದಾರಿಗಾಗಿ. ನಾಲ್ಕೂ ಗಾಲಿಗೆ ಎಳೆತ ಇರುವ ಗಾಡಿ. ಗೇರಿನ ಪಕ್ಕದ ಸಣ್ಣ ಲಿವರು ಎಳೆದರೆ ಮುಂದಿನ ಅಚ್ಚೂ ಎಂಜಿನ್ನಿಗೆ ಕೂಡಿಕೊಳ್ಳುತ್ತಿತ್ತು. ಅಪ್ಪ ಆ ಲಿವರನ್ನು ಎಳೆಯುವಾಗ ಒಮ್ಮೆ ಎಲ್ಲಮ್ಮನ ಹೆಸರು ಹೇಳುತ್ತಿದ್ದ.

ಆ ಜೀಪಿನಲ್ಲಿ ಕೂತವರಿಗೆಲ್ಲ ಗೊತ್ತು, ಅದು ಎಲುಬು ಎಣಿಸುವ ಗಾಡಿ. ಮುಂದೆಯೂ ಪಾಟಾ, ಹಿಂದೆಯೂ ಪಾಟಾ. ಪಾಟಾ ಎಂದರೆ ಉಕ್ಕಿನ ಬಾಗಿದ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬಿಗಿದ ಕಟ್ಟು. ಎತ್ತಿನ ಗಾಡಿ ಬಿಟ್ಟು ಟಾಂಗಾ ಹತ್ತಿದವರೂ ಅದನ್ನು ನೋಡಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಜೀಪು ಅಣ್ಣನ ಪಾಲಿಗೆ ಬಂತು. 2017ರಲ್ಲಿ ಅಣ್ಣನ ಬೆನ್ನಿನ ಮಣಿ ಜರುಗಿ ಅವನು ಮೂರು ತಿಂಗಳು ಹಾಸಿಗೆ ಹಿಡಿದ. ಎದ್ದ ಮೇಲೆ ಜೀಪು ಹತ್ತಲು ಹೆದರುತ್ತಿದ್ದ, ಹತ್ತದಿರಲೂ ಆಗುತ್ತಿರಲಿಲ್ಲ. ಆಗ ಅವನ ಮಗ ಒಂದು ಉಪಾಯ ತಂದ. ಗುಜರಿಗೆ ಬಂದ ಯಾವುದೋ ದೊಡ್ಡ ಪರದೇಶಿ ಗಾಡಿಯ ಮುಂದಿನ ಅಚ್ಚು ಸಿಗುತ್ತದೆ, ಅದು ಕಾಯಿಲ್ ಸ್ಪ್ರಿಂಗಿನದು, ಅದನ್ನೇ ನಮ್ಮ ಜೀಪಿಗೆ ಕೂರಿಸಿದರೆ ಕಾರಿನ ಹಾಗೆ ಮೆತ್ತಗೆ ಹೋಗುತ್ತದೆ ಎಂದ. ತಂದೆಯ ಬೆನ್ನಿಗಾಗಿ ಮಗ ಇಷ್ಟು ಓಡಾಡುವುದು ಕಂಡು ನಾನೇ ಇಪ್ಪತ್ತು ಸಾವಿರ ಕೊಟ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೆಲಸ ನಡೆದದ್ದು ಬೈಲಹೊಂಗಲದಲ್ಲಿ, ನಮ್ಮ ಮನೆಗೆ ಹತ್ತಿರದ ಒಂದು ಗ್ಯಾರೇಜಿನಲ್ಲಿ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಹೋಗಿ ನಿಲ್ಲುತ್ತಿದ್ದೆ. ವಯಸ್ಸಾದ ಮಿಸ್ತ್ರಿಗೆ ಈ ಕೆಲಸ ಮನಸ್ಸಿಗೆ ಬಂದಿರಲಿಲ್ಲ. ಒಂದು ಸಂಜೆ ಅವನು ಕಳಚಿಟ್ಟ ಪಾಟಾದ ಮೇಲೆ ಕೈಯಿಟ್ಟು ಹೇಳಿದ: "ಅಕ್ಕಾರ, ಇದು ಎರಡು ಕೆಲಸಾ ಮಾಡ್ತೈತ್ರಿ. ಭಾರಾನೂ ಹೊರತೈತಿ, ಅಚ್ಚನ್ನೂ ಹಿಡಕೊಂಡು ಕುಂದರತೈತಿ. ಸ್ಪ್ರಿಂಗ್ ಭಾರಾ ಅಷ್ಟ ಹೊರತೈತಿ. ಅಚ್ಚನ್ನ ಹಿಡಿಯಾಕ ಬ್ಯಾರೆ ಕೈ ಬೇಕ." ಆ ಬೇರೆ ಕೈಗಳು ಎಂದರೆ ಅಚ್ಚು ಹಿಂದೆ ಮುಂದೆ ಸರಿಯದಂತೆ ಚಾಸಿಸ್ಸಿಗೆ ಹಿಡಿಯುವ ಎರಡು ಆರ್ಮು, ಎಡಕ್ಕೆ ಬಲಕ್ಕೆ ಸರಿಯದಂತೆ ಅಡ್ಡ ಹಿಡಿಯುವ ಒಂದು ರಾಡು. ಅವುಗಳ ಕೋನ ಸ್ವಲ್ಪ ತಪ್ಪಿದರೂ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ, ಮುಂದಿನ ಗಾಲಿಗಳು ತಲೆ ಕೊಡವತೊಡಗುತ್ತವೆ. ಇಪ್ಪತ್ತೈದು ವರ್ಷ ನಾವು ಬೈಯುತ್ತ ಬಂದ ಆ ಪಾಟಾ, ಯಾರಿಗೂ ಹೇಳದೆ ಎರಡನೆಯ ಕೆಲಸವನ್ನೂ ಮಾಡುತ್ತಿತ್ತು. ಒಟ್ಟು ಕುಟುಂಬದಲ್ಲಿ ಬೆಳೆದ ಹೆಂಗಸರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಮಿಸ್ತ್ರಿ ಕೈಗಳನ್ನು ಸರಿಯಾಗಿಯೇ ಕೂರಿಸಿದ. ಹಳೆಯ ಪಾಟಾದ ಹ್ಯಾಂಗರುಗಳನ್ನು ಗ್ಯಾಸ್ ಕಟರಿನಿಂದ ಕೊಯ್ದು ತೆಗೆದ. ತೊಡಕು ಬಂದದ್ದು ಬೇರೆ ಕಡೆ. ಜಾಕು ಹಚ್ಚಿ, ಪ್ರೊಪೆಲ್ಲರ್ ಶಾಫ್ಟು ತಿರುಗಿಸಿ, ಗಾಲಿ ಎಷ್ಟು ಸುತ್ತು ಬರುತ್ತದೆಂದು ಅವನು ಸೀಮೆಸುಣ್ಣದ ಗುರುತು ಹಾಕಿ ಎಣಿಸಿದ. ಹೊಸ ಅಚ್ಚಿನ ಕ್ರೌನ್ ಪಿನಿಯನ್ನಿನ ಹಲ್ಲುಗಳ ಲೆಕ್ಕ ಬೇರೆ, ಹಿಂದಿನ ಅಚ್ಚಿನದು ಬೇರೆ. ಶಾಫ್ಟು ಅಷ್ಟೇ ಸುತ್ತಿದರೂ ಮುಂದಿನ ಗಾಲಿ ಒಂದು ಲೆಕ್ಕದಲ್ಲಿ ಓಡುತ್ತದೆ, ಹಿಂದಿನದು ಇನ್ನೊಂದು ಲೆಕ್ಕದಲ್ಲಿ. ಬರೀ ಹಿಂದಿನ ಗಾಲಿಯ ಎಳೆತದಲ್ಲಿ ಓಡಿಸಿದರೆ ಏನೂ ತಿಳಿಯುವುದಿಲ್ಲ. ಸಣ್ಣ ಲಿವರು ಎಳೆದ ಕೂಡಲೆ ಎರಡು ಅಚ್ಚುಗಳೂ ಒಂದರೊಡನೊಂದು ಜಗ್ಗಾಡತೊಡಗುತ್ತವೆ. ಕೆಸರಿನಲ್ಲಿ ಗಾಲಿ ಜಾರಿ ಸ್ವಲ್ಪ ಸಂಭಾಳಿಸಿಕೊಂಡೀತು, ಗಟ್ಟಿ ನೆಲ ಸಿಕ್ಕಲ್ಲಿ ಒಳಗಿನದೇನಾದರೂ ಮುರಿಯಲೇಬೇಕು. "ಹಲ್ಲು ಬದಲಿ ಮಾಡಬೇಕ್ರಿ" ಎಂದ ಮಿಸ್ತ್ರಿ. ಅಷ್ಟರಲ್ಲಿ ರೊಕ್ಕ ಮುಗಿದಿತ್ತು. "ಬಿಡ ಅತ್ತಿ, ಈಗ ಎಲ್ಲಾ ಕಡೆ ಡಾಂಬರ ಆಗೇತಿ. ಫೋರ್‌ವೀಲ್ ಯಾರ ಹಾಕತಾರ?" ಎಂದ ಅಣ್ಣನ ಮಗ. ನಾನೂ ಬಿಟ್ಟೆ.

ಮುಂದೆ ಕೂತವರಿಗೆ ನಿಜಕ್ಕೂ ಸುಖವಾಯಿತು. ಹಿಂದೆ ಮಾತ್ರ ಅದೇ ಪಾಟಾ. ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವಾಗ ಅವ್ವ ಹಿಂದಿನ ಅಡ್ಡ ಸೀಟಿನಲ್ಲಿ ಕೂತು, "ಮುಂದಿನವರಿಗೆ ಗಾದಿ, ಹಿಂದಿನವರಿಗೆ ಹಂತಿಕಲ್ಲು" ಎಂದಳು. ಎಲ್ಲರೂ ನಕ್ಕೆವು. ಮುಂದಿನ ಸೀಟಿನಲ್ಲಿ ಕೂತಿದ್ದ ನಾನೂ ನಕ್ಕೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದ್ದು ನಮ್ಮ ಕಡೆಯ ಯಾರೂ ಮರೆತಿಲ್ಲ. ನವಿಲುತೀರ್ಥದಿಂದ ನೀರು ಬಿಟ್ಟ ಮೇಲೆ ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ಹೊಕ್ಕಿತು. ಅದಾದ ಐದು ತಿಂಗಳಿಗೆ, 2020ರ ಜನವರಿಯಲ್ಲಿ, ಆ ದಂಡೆಯ ಒಬ್ಬ ರೈತ ನಮ್ಮ ಜೀಪು ಕೊಳ್ಳಲು ಬಂದ. ಅಣ್ಣನಿಗೆ ಆಗ ಕಾರು ಬೇಕಾಗಿತ್ತು. ಆ ಮನುಷ್ಯ ಬಾನೆಟ್ಟು ಎತ್ತಿ ನೋಡಿದ, ಅಡಿಯಲ್ಲಿ ಬಗ್ಗಿ ನೋಡಿದ, ಸ್ಪ್ರಿಂಗು ಕಂಡು ಹುಬ್ಬು ಏರಿಸಿದ. ಕಟ್ಟೆಯ ಮೇಲೆ ಕೂತಿದ್ದ ನನ್ನ ಕಡೆ ತಿರುಗಿ ಕೇಳಿದ: "ಅಕ್ಕಾರ, ನೀವು ಸಾಲಿ ಕಲಿಸಾವ್ರು, ನೀವ ಹೇಳ್ರಿ. ಗಾಡಿ ಮೊದಲಿಂದ ಐತೇನ್ರಿ? ಹೊಳಿ ಬಂದ್ರ ಕೈ ಕೊಡಬಾರದ ನೋಡ್ರಿ."

ನಾನು ಹೇಳಿದೆ: "ನಮ್ಮ ಅಪ್ಪನ ಗಾಡಿನ ಐತ್ರಿ."

ಇದರಲ್ಲಿ ಸುಳ್ಳಿನ ಒಂದಕ್ಷರವೂ ಇಲ್ಲ. ಚಾಸಿಸ್ ನಂಬರು ಅದೇ, ಎಂಜಿನ್ ನಂಬರು ಅದೇ, ಕಾಗದದಲ್ಲಿ ಅಚ್ಚಿನ ಮಾತೇ ಇಲ್ಲ. ಆ ರಾತ್ರಿ ನಿದ್ದೆ ಬಾರದೆ ನಾನು ನನ್ನ ಪರವಾಗಿ ವಕೀಲಿ ಮಾಡಿಕೊಂಡೆ. ಓದಿದವರಿಗೆ ಅದಕ್ಕೆ ಸಾಮಗ್ರಿ ಕಡಿಮೆ ಇರುವುದಿಲ್ಲ. ನನಗೆ ನೆನಪಾದದ್ದು ಪಾಲಿ ಭಾಷೆಯ ಮಿಲಿಂದ ಪ್ರಶ್ನೆ. ಗ್ರೀಕ್ ದೊರೆ ಮಿಲಿಂದ ರಥದಲ್ಲಿ ಬಂದೆ ಎನ್ನುತ್ತಾನೆ. ಭಿಕ್ಷು ನಾಗಸೇನ ಕೇಳುತ್ತಾನೆ, ರಥವೆಂದರೆ ಯಾವುದು, ಈಸೋ, ಅಚ್ಚೋ, ಗಾಲಿಯೋ, ನೊಗವೋ? ಯಾವುದೂ ಅಲ್ಲ, ಇವೆಲ್ಲ ಸೇರಿದಾಗ ನಾವು ಇಟ್ಟುಕೊಂಡ ಹೆಸರು ಅದು, ಎಂಬಲ್ಲಿಗೆ ಮಾತು ಬರುತ್ತದೆ. ಅಂದ ಮೇಲೆ ಅಚ್ಚೊಂದು ಬದಲಾದರೆ ಜೀಪು ಬದಲಾಯಿತೆ? ಎರಡು ಸಾವಿರ ವರ್ಷದಿಂದ ಪಂಡಿತರು ತಿಣುಕಿದ ಪ್ರಶ್ನೆಗೆ ನಾನು ಕಟ್ಟೆಯ ಮೇಲೆ ಕೂತು ಉತ್ತರ ಕೊಡಬೇಕಾಗಿತ್ತೆ?

ಎರಡನೆಯ ರಾತ್ರಿ ಈ ವಕೀಲಿ ನಡೆಯಲಿಲ್ಲ. ಆ ರೈತ ನನ್ನನ್ನು ನಾಗಸೇನನ ಪ್ರಶ್ನೆ ಕೇಳಿರಲಿಲ್ಲ. ಗಾಡಿ ಅದೋ ಬೇರೆಯದೋ ಎಂಬುದು ಅವನಿಗೆ ಬೇಕಾಗಿಯೇ ಇರಲಿಲ್ಲ. ಹೊಳೆ ಬಂದ ರಾತ್ರಿ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು ಆ ಸಣ್ಣ ಲಿವರು ಎಳೆದರೆ ಏನಾಗುತ್ತದೆ ಎಂದು ಅವನು ಕೇಳಿದ್ದ. ಅದರ ಉತ್ತರ ನನಗೆ ಸೀಮೆಸುಣ್ಣದ ಗುರುತಿನ ಸಮೇತ ಗೊತ್ತಿತ್ತು. ಕಠಿಣವಾದ ಪ್ರಶ್ನೆಯ ಹಿಂದೆ ಅಡಗಿ ನಾನು ಸುಲಭವಾದ ಪ್ರಶ್ನೆಯಿಂದ ತಪ್ಪಿಸಿಕೊಂಡಿದ್ದೆ. ತರಗತಿಯಲ್ಲಿ ಹುಡುಗರು ಇದನ್ನೇ ಮಾಡಿದರೆ ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಕಾಯಿದೆಯ ಮಾತನ್ನೂ ಹೇಳಬೇಕು. ತಯಾರಕರು ಕೊಟ್ಟ ವಿವರಕ್ಕೆ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಲ್ಲಿದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಎತ್ತಿ ಹಿಡಿಯಿತು. ನಮಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮಾಡುತ್ತಿರಲಿಲ್ಲವೆ? ಅಣ್ಣ ಹಾಸಿಗೆಯಲ್ಲಿ ನರಳುವುದನ್ನು ನೋಡುತ್ತ ನಾನು ಕಲಮು ಎಣಿಸುತ್ತಿದ್ದೆನೆಂದು ನನಗೆ ಅನಿಸುವುದಿಲ್ಲ. ಅಚ್ಚು ಬದಲಿಸಿದ್ದಕ್ಕೆ ನನ್ನ ಮನಸ್ಸು ಇಂದಿಗೂ ಅಷ್ಟಾಗಿ ಚುಚ್ಚುವುದಿಲ್ಲ. ಹೇಳದೆ ಇದ್ದದ್ದಕ್ಕೆ ಚುಚ್ಚುತ್ತದೆ.

ರವಿವಾರ ಬಸ್ಸು ಹತ್ತಿದೆ. ಸವದತ್ತಿಯಲ್ಲಿ ಇಳಿದು ರಾಮದುರ್ಗದ ಬಸ್ಸು ಹಿಡಿದೆ. ಸವದತ್ತಿ ನಿಲ್ದಾಣದಲ್ಲಿ ಒಂದು ಗಳಿಗೆ, ತವರಿಗೆ ಹೋಗಿ ಅವ್ವನನ್ನು ನೋಡಿ ಹಿಂದಕ್ಕೆ ಹೋಗಿಬಿಡಲೇ ಎನಿಸಿತು. ಆ ಮನೆಯ ಗೋಡೆಗಳ ಮೇಲೆ ಹೊಳೆ ಏರಿದ್ದ ಗೆರೆ ಇನ್ನೂ ಇತ್ತು, ನನ್ನ ಭುಜಕ್ಕೆ ಬರುತ್ತಿತ್ತು. ಎಲ್ಲ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಹೆಂಡತಿ ಚಹಾ ತಂದಿಟ್ಟಳು. ಆಮೇಲೆ ಅವನು, "ಅವತ್ತ ಯಾಕ ಹೇಳಲಿಲ್ರಿ ಅಕ್ಕಾರ?" ಎಂದು ಕೇಳಿದ. ದಬಾಯಿಸುವ ದನಿಯಲ್ಲ, ತಿಳಿದುಕೊಳ್ಳುವ ದನಿ. ನನ್ನಲ್ಲಿ ಉತ್ತರವಿರಲಿಲ್ಲ. ಚಹಾ ಕುಡಿದೆ.

ಹಳೆಯ ಅಚ್ಚು ನಮ್ಮ ಹಿತ್ತಲಲ್ಲಿ ಕಣಕಿಯ ಬಣವೆಯ ಮಗ್ಗುಲಿಗೆ ಬಿದ್ದಿತ್ತು, ಪಾಟಾಗಳೂ ಇದ್ದವು. ಅವನ್ನು ಟ್ರ್ಯಾಕ್ಟರಿನಲ್ಲಿ ಬೈಲಹೊಂಗಲಕ್ಕೆ ತರಿಸಿದೆ, ಅವನು ಜೀಪು ತಂದ. ಅದೇ ಮಿಸ್ತ್ರಿ ಕೊಯ್ದ ಹ್ಯಾಂಗರುಗಳ ಜಾಗಕ್ಕೆ ಹೊಸವನ್ನು ಬೆಸೆದ. ಖರ್ಚು ನನ್ನದು. ಅಣ್ಣನ ಮಗ ಯುಗಾದಿಯವರೆಗೆ ನನ್ನೊಡನೆ ಮಾತು ಬಿಟ್ಟ. ಅಣ್ಣ ಮಾತ್ರ, "ಮನ್ಯಾಗೂ ಮಾಸ್ತರಕಿ ಮಾಡತೀ ನೋಡ" ಎಂದು ಸುಮ್ಮನಾದ. ಬೇರೆಯವರ ಬೆನ್ನುನೋವಿಗೆ ನಾನು ತೋರಿದ ಕರುಣೆಯನ್ನು ತನ್ನ ಮಗನ ಮಾನಕ್ಕೆ ತೋರಲಿಲ್ಲ ಎಂಬುದು ಅವನ ದೂರು. ಅದರಲ್ಲಿ ಅರ್ಧ ನಿಜವಿದೆ.

ಗಾಡಿ ಒಯ್ಯುವ ಮೊದಲು ಆ ರೈತ ಗ್ಯಾರೇಜಿನ ಹಿಂದಿನ ಕೆಸರಿಗೆ ಅದನ್ನು ಇಳಿಸಿ ಸಣ್ಣ ಲಿವರು ಎಳೆದು ನೋಡಿದ. ನಾಲ್ಕೂ ಗಾಲಿ ಒಟ್ಟಿಗೆ ಕಚ್ಚಿ ಜೀಪು ಮೇಲೆ ಬಂತು. ಅವನು ಇಳಿದು ಬಗ್ಗಿ, ಇನ್ನೂ ಬಣ್ಣ ಬಳಿಯದ ಬೆಸುಗೆಯ ಮೇಲೆ ಬೆರಳಾಡಿಸಿ, "ಪಾಟಾ ಭಾಳ ಬಿರಸ ಐತ್ರಿ ಅಕ್ಕಾರ, ಸೊಂಟಾ ಹೋಕ್ಕೈತಿ" ಎಂದು ನಕ್ಕ.