ಮುಪ್ಪಿನಲ್ಲಿ ವ್ಯಾಯಾಮವು ದೇಹಮೋಹವೇ?

ವ್ಯಾಯಾಮ ಮಾಡಿರೆಂದು ಹೇಳಿದಾಗ ವೃದ್ಧ ಶ್ರಾವಕರೊಬ್ಬರು, "ಅಳಿಯುವ ದೇಹಕ್ಕೆ ಇಷ್ಟು ಉಪಚಾರವೇಕೆ?" ಎಂದಿದ್ದರು. ಮರುವರ್ಷ ಬಸದಿಯ ಮೆಟ್ಟಿಲಲ್ಲಿ ಬಿದ್ದು ತೊಡೆಯೆಲುಬು ಮುರಿದುಕೊಂಡರು. ಆದರೂ ಅವರ ಪ್ರಶ್ನೆ ತಳ್ಳಿಹಾಕುವಂಥದಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮುಪ್ಪನ್ನು ಸಲ್ಲೇಖನೆಗೆ ಕಾರಣವೆಂದು ಹೇಳುವಾಗ 'ನಿಃಪ್ರತೀಕಾರ', ಎಂದರೆ ಪರಿಹಾರವಿಲ್ಲದ್ದು, ಎಂಬ ವಿಶೇಷಣವನ್ನು ಸೇರಿಸಿರುವುದು ಗಮನಾರ್ಹ. ಕಾಲಿನ ದೌರ್ಬಲ್ಯವಾದರೋ ಬಹುಮಟ್ಟಿಗೆ ಪರಿಹಾರವುಳ್ಳದ್ದು. 65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲನ ಮತ್ತು ಸ್ನಾಯುಬಲದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿತು. ಗೋಡೆಯ ಆಸರೆಯಲ್ಲಿ ಒಂಟಿಕಾಲಲ್ಲಿ ನಿಲ್ಲುವುದು, ಕೈಯೂರದೆ ಕುರ್ಚಿಯಿಂದ ಏಳುವುದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿಯನ್ನು ತಾಗಿಸುತ್ತ ನಡೆಯುವುದು: ಇಷ್ಟೇ. ಖರ್ಚಿಲ್ಲ, ವ್ಯಾಪಾರಿಗಳಾದ ನಮಗೆ ಬೇರೆ ಶಿಫಾರಸು ಬೇಡ.

ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ನಾಲ್ಕು ಮೊಳ ಮುಂದಣ ನೆಲವನ್ನು ನೋಡಿ ನಡೆಯುವುದು ಜೀವದಯೆಗಾಗಿ. ಕಾಲು ಹಿಡಿತದಲ್ಲಿಲ್ಲದವನಿಗೆ ನೆಲ ಕಂಡರೂ ಹೆಜ್ಜೆಯನ್ನು ತಪ್ಪಿಸಿಡಲಾಗದು. ತಡೆಯಬಹುದಾದ ಬೀಳುವಿಕೆಯನ್ನು ಕರ್ಮಕ್ಕೆ ಹೊರಿಸುವುದು ಪ್ರಮಾದ. ಅದರ ಭಾರವನ್ನು ಹೊರುವವರು ಮನೆಯವರು.

ಊರುಗೋಲಿಗೆ ನಾಚುವುದಂತೂ ವೈರಾಗ್ಯವಲ್ಲ, ಮಾನಕಷಾಯ. ಗಿರಾಕಿಗಳು ಬಂದಾಗ ನಾನೂ ಕೋಲನ್ನು ಗಲ್ಲಾಪೆಟ್ಟಿಗೆಯ ಹಿಂದೆ ಅಡಗಿಸಿಟ್ಟದ್ದುಂಟು.