ಇಂದಿನ ಧಮ್ಮ ಚಿಂತನೆ: ಬಂಡೆಯ ಮೇಲೆ ಎರಡು ಭಯ



ಮುಂದಿನ ತಿಂಗಳು ಆಫೀಸಿನವರ ಜೊತೆ ಕುಮಾರ ಪರ್ವತ ಹತ್ತಬೇಕೆಂದಿದ್ದೇನೆ. ಎತ್ತರ 1712 ಮೀಟರ್. ಕುಕ್ಕೆ ಕಡೆಯಿಂದ ಹೊರಟರೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರು. ಅದಕ್ಕಾಗಿ ಎರಡು ತಿಂಗಳಿಂದ ಬೆನ್ನಿಗೆ ಎಂಟು ಕೆಜಿ ಚೀಲ ಹೊತ್ತು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಕಾಲು ತಯಾರಾಗಿದೆ, ಮನಸ್ಸು ತಯಾರಾಗಿಲ್ಲ ಎಂದು ಗೊತ್ತಾಗಿದ್ದು ಕಳೆದ ಭಾನುವಾರ, ಮೂಡಿಗೆರೆ ಕಡೆಯ ಎತ್ತಿನಭುಜದಲ್ಲಿ.

ಅಭ್ಯಾಸಕ್ಕೆಂದು ಅಲ್ಲಿಗೆ ಹೋಗಿದ್ದೆವು. ಕೊನೆಯ ಬಂಡೆಯನ್ನು ಕೈಕಾಲು ಊರಿ ಏರಬೇಕು, ಪಕ್ಕದಲ್ಲೇ ಕಣಿವೆ. ಇಂಥ ಕಡೆ ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಬಂಡೆಯ ಮೇಲಿರಬೇಕು, ಒಂದನ್ನು ಮಾತ್ರ ಕದಲಿಸಬೇಕು. ಹಿಡಿತವನ್ನು ಅಲುಗಾಡಿಸಿ ನೋಡಿದ ಮೇಲೆ ಭಾರ ಬಿಡಬೇಕು. ಇಳಿಯುವಾಗ ಕಾಲಿಡುವ ಜಾಗ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಇಳಿಯಲಾಗದ ಕಡೆ ಹತ್ತಬಾರದು.

ಅರ್ಧ ಹತ್ತಿದಾಗ ಜಿಟಿಜಿಟಿ ಮಳೆ ಶುರುವಾಯಿತು. ಬಂಡೆ ಜಾರತೊಡಗಿತು. ವಾಪಸ್ ಹೋಗು ಎಂದು ಒಳಗಿನಿಂದ ಯಾರೋ ಹೇಳಿದಂತಾಯಿತು. ಆದರೆ ಆ ತಂಡದಲ್ಲಿ ನಮ್ಮವನು ನಾನೊಬ್ಬನೇ. ‘ಬೆಟ್ಟಕ್ಕೆ ಕೋಟಾ ಇಲ್ಲಪ್ಪ’ ಎಂದು ಹಿಂದೊಮ್ಮೆ ಒಬ್ಬರು ನಗುತ್ತಾ ಆಡಿದ ಮಾತು ಕಿವಿಯಲ್ಲೇ ಇತ್ತು. ಮುಂದೆ ಹೋದೆ. ಕಾಲು ಜಾರಿತು. ಮೊಣಕಾಲು ತರಚಿಕೊಂಡು ಹೇಗೋ ನಿಂತೆ. ನನ್ನ ಕಾಲಿನಿಂದ ಉರುಳಿದ ಕಲ್ಲು ಹಿಂದೆ ಬರುತ್ತಿದ್ದ ಸಹೋದ್ಯೋಗಿಯ ತಲೆಯ ಪಕ್ಕದಲ್ಲೇ ಹಾದುಹೋಯಿತು.

ಅವತ್ತು ನನ್ನಲ್ಲಿ ಎರಡು ಭಯ ಇದ್ದವು. ಒಂದು ಕಣಿವೆಯ ಭಯ, ಅದು ನಿಜ ಹೇಳುತ್ತಿತ್ತು. ಇನ್ನೊಂದು ಜನ ಏನಂದಾರು ಎಂಬ ಭಯ. ಅದನ್ನು ನಾನು ಸ್ವಾಭಿಮಾನ ಎಂದುಕೊಂಡಿದ್ದೆ. ಒಬ್ಬರ ಕುಹಕಕ್ಕೆ ಉತ್ತರ ಕೊಡಲು ನನ್ನ ಜೀವವನ್ನೂ ಇನ್ನೊಬ್ಬರ ಜೀವವನ್ನೂ ಪಣಕ್ಕಿಡುವುದು ಸ್ವಾಭಿಮಾನ ಹೇಗಾದೀತು?

ಭಯಭೇರವ ಸುತ್ತದಲ್ಲಿ ಭಗವಾನ್ ಬುದ್ಧರು ಕಾಡಿನಲ್ಲಿ ತಮಗೆ ಬಂದ ಭಯದ ಬಗ್ಗೆ ಹೇಳುತ್ತಾರೆ. ನಡೆಯುವಾಗ ಭಯ ಬಂದರೆ ನಡೆಯುತ್ತಲೇ, ಕೂತಾಗ ಬಂದರೆ ಕೂತೇ ಅದನ್ನು ಗೆದ್ದರು. ಹಾಗಾದರೆ ನಾನು ಮುಂದೆ ಹೋದದ್ದೇ ಸರಿಯಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ಆ ಕಾಡಿನಲ್ಲಿ ಅವರನ್ನು ನೋಡಿ ಚಪ್ಪಾಳೆ ತಟ್ಟುವವರಾಗಲಿ, ನಗುವವರಾಗಲಿ ಇರಲಿಲ್ಲ. ಅವರು ಭಯವನ್ನು ಪರೀಕ್ಷಿಸಿದರು. ನಾನು ಪರೀಕ್ಷಿಸಲೇ ಇಲ್ಲ, ಒಂದು ಭಯದಿಂದ ಇನ್ನೊಂದಕ್ಕೆ ಓಡಿದೆ.

ನಮ್ಮವರು ಎತ್ತರಕ್ಕೆ ಹೋಗಬಾರದು ಎಂದಲ್ಲ. ತೆಲಂಗಾಣದ ಆದಿವಾಸಿ ಬಾಲಕಿ ಮಾಲಾವತ್ ಪೂರ್ಣ 2014ರ ಮೇ 25ರಂದು ಎವರೆಸ್ಟ್ ಏರಿದಾಗ ಅವಳಿಗೆ 14 ವರ್ಷವೂ ತುಂಬಿರಲಿಲ್ಲ. ಆದರೆ ಅದಕ್ಕೂ ಮುಂಚೆ ಭುವನಗಿರಿಯ ಬಂಡೆಯ ಮೇಲೆ ಕಲಿತಿದ್ದಳು. ಅಪ್ಪಮಾದ, ಅಂದರೆ ಎಚ್ಚರ ತಪ್ಪದ ಪ್ರಯತ್ನ, ಹೀಗೆಯೇ ಇರುತ್ತದೆ.

ಆ ಸಹೋದ್ಯೋಗಿಯ ಬಳಿ ಕ್ಷಮೆ ಕೇಳಿದ್ದೇನೆ. ಎಷ್ಟು ಗಂಟೆಗೆ ವಾಪಸ್ ತಿರುಗಬೇಕು, ಬಂಡೆ ಒದ್ದೆಯಾದರೆ ಏನು ಮಾಡಬೇಕು ಎಂದು ಕೆಳಗಿರುವಾಗಲೇ ತಂಡದೊಂದಿಗೆ ಮಾತಾಡಿ ಬರೆದಿಟ್ಟಿದ್ದೇವೆ. ಆ ನಗು ಈಗಲೂ ಚುಚ್ಚುತ್ತದೆ. ಮುಂದಿನ ತಿಂಗಳು ಬೆಟ್ಟದ ಮೇಲೂ ನೆನಪಾಗಬಹುದು. ಆದರೆ ಕಾಲನ್ನು ಎಲ್ಲಿಡಬೇಕೆಂದು ಅದು ಹೇಳಬಾರದು.

ಇಂದಿನ ಅಭ್ಯಾಸ: ಇವತ್ತು ನೀವು ಹಟ ಹಿಡಿದು ಮಾಡುತ್ತಿರುವ ಒಂದು ಕೆಲಸವನ್ನು ನೋಡಿಕೊಳ್ಳಿ. ನೋಡುವವರು ಯಾರೂ ಇಲ್ಲದಿದ್ದರೂ ಅದನ್ನು ಮಾಡುತ್ತಿದ್ದಿರಾ?

ಜೈ ಭೀಮ್ 💙