ತೋರಿಸಲು ಹೋದರೆ ಕಾಣದ್ದು

ರಾತ್ರಿಯೆಲ್ಲ ರಚ್ಚೆ ಹಿಡಿದ ಮಗು ಬೆಳಿಗ್ಗೆ ಡಾಕ್ಟರ ಮುಂದೆ ಕೂರಿಸಿದೊಡನೆ ಕಿಲಕಿಲ ನಗುವುದು ತಾಯಂದಿರಿಗೆಲ್ಲ ಗೊತ್ತು. ನಮ್ಮ ಹಳೆಯ ಕಾರೂ ಒಂದು ಮಳೆಗಾಲವಿಡೀ ನನ್ನನ್ನು ಹಾಗೆಯೇ ಸುಳ್ಳುಬುರುಕಿಯನ್ನಾಗಿ ಮಾಡಿತು.

ನನ್ನ ತವರು ತೀರ್ಥಹಳ್ಳಿ. ಶನಿವಾರ ಹೋಗಿ ಭಾನುವಾರ ಸಂಜೆ ಶಿವಮೊಗ್ಗಕ್ಕೆ ಒಬ್ಬಳೇ ಕಾರು ಓಡಿಸಿಕೊಂಡು ಬರುತ್ತಿದ್ದೆ. ಸುಮಾರು 60 ಕಿಲೋಮೀಟರ್ ದಾರಿ. ಕತ್ತಲಾಗಿ, ಮಳೆ ಹಿಡಿದು, ಹೆಡ್‌ಲೈಟು ವೈಪರು ಎರಡನ್ನೂ ಹಾಕಿ ಅರ್ಧ ಗಂಟೆಯಾಗುವಷ್ಟರಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಮಂಕಾಗಿ ಮಿಣುಕುತ್ತಿತ್ತು. ಮಾರನೆಯ ಬೆಳಿಗ್ಗೆ ಇವರು ಅದೇ ಕಾರಿನಲ್ಲಿ ಆಫೀಸಿಗೆ ಹೋದರೆ ದೀಪವೂ ಇಲ್ಲ, ಏನೂ ಇಲ್ಲ. "ಕತ್ತಲಲ್ಲಿ ಹೆದರಿಕೊಳ್ಳುತ್ತೀಯ, ಅದಕ್ಕೇ ಎಲ್ಲ ಕೆಂಪಾಗಿ ಕಾಣುತ್ತೆ" ಎಂದು ನಕ್ಕರು.

ಗ್ಯಾರೇಜಿನವನು ಇಂಜಿನ್ ಶುರು ಮಾಡಿ ಮೀಟರ್ ಹಿಡಿದ. 14 ವೋಲ್ಟ್ ತೋರಿಸಿತು. ಹದಿಮೂರೂವರೆಯಿಂದ ಹದಿನಾಲ್ಕೂವರೆಯೊಳಗಿದ್ದರೆ ಚಾರ್ಜಿಂಗ್ ಸರಿಯಿದೆ ಎಂದೇ ಅರ್ಥವಂತೆ. "ಏನೂ ಇಲ್ಲ ಮೇಡಂ, ಒಮ್ಮೆ ಸಾರ್‌ನ ಕಳಿಸಿ" ಎಂದ. ಎರಡನೆಯ ಸಲ ಹೋದಾಗ ಏನನ್ನೂ ನೋಡದೆ ಹೊಸ ಬ್ಯಾಟರಿ ಹಾಕಿ ಬಿಲ್ಲು ಕೊಟ್ಟ. ಮುಂದಿನ ಭಾನುವಾರ ಮಂಡಗದ್ದೆಯ ಹತ್ತಿರ ಹೆಡ್‌ಲೈಟು ಹಳದಿಯಾಗಿ, ವೈಪರು ಏದುಸಿರು ಬಿಡುತ್ತಾ ನಿಂತು, ಕಾರೂ ನಿಂತಿತು. ಒಂದು ಕಡೆ ಕಾಡು, ಇನ್ನೊಂದು ಕಡೆ ತುಂಬಿ ಹರಿಯುವ ತುಂಗೆ. ಇವರು ಬಾಡಿಗೆ ಕಾರು ಮಾಡಿಕೊಂಡು ಬರುವವರೆಗೆ ಒಂದು ಗಂಟೆಗೂ ಮಿಕ್ಕಿ ಆ ಕತ್ತಲಲ್ಲಿ ಕೂತಿದ್ದೆ. ಆಗ ಅತ್ತದ್ದು ಹೆದರಿಕೆಗಲ್ಲ, ನಾನು ಹೇಳಿದ್ದನ್ನು ಯಾರೂ ಕೇಳಲಿಲ್ಲವಲ್ಲ ಎಂದು.

ಕೊನೆಗೆ ಸಿಕ್ಕವರು ವಯಸ್ಸಾದ ಒಬ್ಬ ಎಲೆಕ್ಟ್ರಿಷಿಯನ್. ಅವರು ಬಾನೆಟ್ ಎತ್ತುವ ಮೊದಲು ನನ್ನನ್ನು ಕೂರಿಸಿ, "ಯಾವಾಗ ಬರ್ತದಮ್ಮಾ ದೀಪ? ಎಷ್ಟು ಹೊತ್ತು ಓಡಿಸಿದ ಮೇಲೆ? ಪೂರ್ತಿ ಉರೀತದೋ, ಮಂಕಾಗಿಯೋ?" ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಇಂಥ ಹಳೆಯ ಕಾರುಗಳಲ್ಲಿ ಆ ದೀಪದ ಒಂದು ತುದಿ ಬ್ಯಾಟರಿಯ ಕಡೆ, ಇನ್ನೊಂದು ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಕಡೆ ಇರುತ್ತದಂತೆ. ಎರಡೂ ಕಡೆಯ ವೋಲ್ಟು ಸಮನಾಗಿದ್ದರೆ ಆರಿರುತ್ತದೆ, ವ್ಯತ್ಯಾಸವಾದರೆ ಮಿಣುಕುತ್ತದೆ. ಅಂದರೆ ಇಂಥದ್ದೇ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ, ಇಬ್ಬರ ನಡುವೆ ಏನೋ ಸರಿಯಿಲ್ಲ ಎಂದಷ್ಟೇ ಹೇಳುತ್ತದೆ.

ಅವರು ನನ್ನನ್ನೇ ಕಾರು ಓಡಿಸಲು ಹೇಳಿ, ಪಕ್ಕದಲ್ಲಿ ಕೂತು, ಲೈಟು, ವೈಪರು, ಫ್ಯಾನು ಎಲ್ಲ ಹಾಕಿಸಿದರು. ಅರ್ಧ ಗಂಟೆಯ ಮೇಲೆ ದೀಪ ಮಿಣುಕಿತು. ಇಂಜಿನ್ ಆರಿಸದೆ ಇಳಿದು ಮೀಟರ್ ಹಿಡಿದರೆ ಆಲ್ಟರ್ನೇಟರ್ ಹತ್ತಿರ 14 ವೋಲ್ಟ್, ಬ್ಯಾಟರಿಯ ಹತ್ತಿರ 12 ಚಿಲ್ಲರೆ! ಎರಡನ್ನೂ ಸೇರಿಸುವ ದಪ್ಪ ವೈರಿನ ತುದಿಯಲ್ಲಿ, ರಬ್ಬರ್ ಟೋಪಿಯೊಳಗೆ, ತಾಮ್ರದ ಎಳೆಗಳು ಕಡಿದು ನಾಲ್ಕೈದೇ ಉಳಿದಿದ್ದವು. ಹೊರಗಿನಿಂದ ನೋಡಿದರೆ ವೈರು ಗಟ್ಟಿ. ಭಾರವಿಲ್ಲದಾಗ ಆ ನಾಲ್ಕೆಳೆಯೇ ಸಾಕು. ಭಾರ ಬಿದ್ದು ಬಿಸಿಯೇರಿದಾಗ ಸೋಲುತ್ತಿದ್ದವು. ಹೊಸ ತುದಿ ಕೂರಿಸಿದರು, ಮುಗಿಯಿತು.

ಮನೆಗೆ ಬರುವಾಗ ಯೋಚಿಸಿದೆ. ಕಾರನ್ನು ನಿಲ್ಲಿಸಿಕೊಂಡು ಪರೀಕ್ಷಿಸಿದವನು ಸುಳ್ಳು ಹೇಳಿರಲಿಲ್ಲ, ಅವನ ಮೀಟರೂ ಸುಳ್ಳಲ್ಲ. 'ನನಗೆ ಈಗ ಕಾಣುತ್ತಿಲ್ಲ' ಎನ್ನಬೇಕಾದಲ್ಲಿ 'ಇಲ್ಲ' ಎಂದ, ಅಷ್ಟೆ. ಆ ಎರಡು ಮಾತಿನ ನಡುವೆ ಒಬ್ಬರ ಮರ್ಯಾದೆ ಇದೆ. ಹಾಗೆಂದು ಕೇಳಿದೊಡನೆ ಬ್ಯಾಟರಿ ಬದಲಾಯಿಸುವುದೂ ನಂಬಿಕೆಯಲ್ಲ. ಅದು ಬಾಯಿ ಮುಚ್ಚಿಸುವ ಇನ್ನೊಂದು ದಾರಿ. ನಂಬುವುದೆಂದರೆ ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳುವುದಲ್ಲ. 'ಯಾವಾಗ?' ಎಂದು ಕೇಳಿ, ಆ ಹೊತ್ತಿನವರೆಗೆ ಜೊತೆಗಿರುವುದು.

ಇಷ್ಟು ಯೋಚಿಸಿ ಬಾಗಿಲು ತೆಗೆದರೆ ಒಳಗೆ ಅತ್ತೆ ಗೋಡೆ ಹಿಡಿದು ನಿಂತಿದ್ದರು. ತಲೆ ಸುತ್ತು ಎಂದು ಅವರು ಹೇಳತೊಡಗಿ ಆರು ತಿಂಗಳಾಗಿತ್ತು. ಡಾಕ್ಟರು ಕುರ್ಚಿಯಲ್ಲಿ ಕೂರಿಸಿ ಬಿ.ಪಿ. ನೋಡಿ ಸರಿಯಿದೆ ಎಂದಿದ್ದರು. ನಾನು ತವರಿಗೆ ಹೊರಟಾಗಲೇ ಅವರಿಗೆ ಸುತ್ತು ಬರುವುದು ಎಂದು ಇವರ ಮುಂದೆ ಆಡಿಕೊಂಡಿದ್ದೆ! ಅವತ್ತು ಮೊದಲ ಸಲ ಕೈ ಹಿಡಿದು ಕೂರಿಸಿ, "ಯಾವಾಗ ಬರುತ್ತೆ ಅತ್ತೆ?" ಎಂದೆ. "ಮಲಗಿದ್ದೋಳು ಎದ್ದಾಗ ಕಣೆ. ನೀನು ಊರಿಗೆ ಹೊರಡೋ ದಿನ ಬಾಗಿಲು ಹಾಕ್ಕೋಬೇಕಲ್ಲ, ಮಧ್ಯಾಹ್ನ ಮಲಗಿದ್ದಲ್ಲಿಂದ ಗಡಬಡಿಸಿ ಏಳ್ತೀನಿ" ಎಂದರು.

ಇದನ್ನೇ ಡಾಕ್ಟರಿಗೆ ಹೇಳಿದೆ. ಈ ಸಲ ಅವರು ಮಲಗಿಸಿ ಒಮ್ಮೆ, ಎಬ್ಬಿಸಿ ನಿಲ್ಲಿಸಿ ಒಮ್ಮೆ ನೋಡಿದರು. 140 ಇದ್ದದ್ದು 110ಕ್ಕೆ ಇಳಿದಿತ್ತು. ಬಿ.ಪಿ. ಮಾತ್ರೆಯ ಪ್ರಮಾಣ ಕಡಿಮೆ ಮಾಡಿದರು.

ಸುತ್ತು ಈಗ ಅಪರೂಪ. ಆದರೆ ಆರು ತಿಂಗಳು ನಾನು ಆಡಿದ ಮಾತು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ. ಅವರೂ ಹೇಳಿಲ್ಲ. ನಾನು ತವರಿಗೆ ಹೊರಡುವ ದಿನ ನಿಧಾನವಾಗಿ ಎದ್ದು, ಒಂದು ಗಳಿಗೆ ಮಂಚದ ಮೇಲೇ ಕೂತಿದ್ದು, ಆಮೇಲೆ ಬಾಗಿಲವರೆಗೆ ಬಂದು, "ದೀಪ ಬಂದರೆ ಅಲ್ಲೇ ನಿಲ್ಲಿಸಿಬಿಡು ಮಾರಾಯ್ತಿ" ಎನ್ನುತ್ತಾರೆ.